ಇಪ್ಪತ್ತು ಮೀಟರ್ ಸುಳ್ಳು

"ಗೂಟ ಕೀಳ್ಬೇಡಿ ಸಾರ್," ಎಂದಳು ಹಳೆಯ ಕಲ್ಲುಗೋಪುರದ ಕಸ ಗುಡಿಸುವ ಅಜ್ಜಿ. "ಗೋಪುರ ಕಟ್ಟಿದವನು ಹೊಸ್ತಿಲ ಕೆಳಗೆ ಮಾಟ ಹೂತಿಟ್ಟಿದ್ದಾನೆ. ಇದರ ಅಳತೇಲಿ ಮೋಸ ಮಾಡಿದ್ರೆ, ಮಾಡಿದವನಿಂದ ಆ ಮೋಸದಷ್ಟೇ ದೂರಕ್ಕೆ ಅವನ ಮನೆಯವರು ನಿಂತುಬಿಡ್ತಾರೆ."

"ನನ್ನ ಹೆಂಡ್ತಿ ಮಾತು ಬಿಟ್ಟು ಆಗಲೇ ವಾರ ಆಯ್ತು ಅಜ್ಜಿ. ಅದಕ್ಕೆ ಮಾಟ ಬೇರೆ ಬೇಕಾ?" ಎಂದು ಇಂಜಿನಿಯರ್ ನಕ್ಕ.

ಪರಿಸರ ಪರಿಣಾಮದ ವರದಿ ಬರೆಯುವುದು ಅವನ ಕಸುಬು. ಗೋಪುರದಂಥ ಸ್ಮಾರಕದಿಂದ ಮುನ್ನೂರು ಮೀಟರಿನೊಳಗೆ ಬಂಡೆ ಸಿಡಿಸಕೂಡದೆಂದು ನಿಯಮ. ಕಲ್ಲುಗಣಿಯ ಗಡಿಗೂಟವಿದ್ದದ್ದು ಇನ್ನೂರ ಎಂಬತ್ತಕ್ಕೆ. ಇಪ್ಪತ್ತು ಮೀಟರಿಗೆ ಯಾರ ಗಂಟು ಹೋಗುತ್ತದೆ? ಗೂಟ ಕಿತ್ತು ಆಚೆ ನೆಟ್ಟ, ಫೋಟೋ ಹೊಡೆದ, ಮತ್ತೆ ಹಳೆಯ ಗುಂಡಿಗೇ ಇಳಿಸಿದ, ವರದಿಯಲ್ಲಿ ಮುನ್ನೂರು ಎಂದು ಬರೆದ. ಕಸುಬಿನವರೆಲ್ಲ ಮಾಡುವುದೇ ಹೀಗೆ.

ಅವನು ಗೋಪುರದ ಬಳಿಗೆ ಮರಳಿದಾಗ ಅದರ ಕತ್ತಲ ಬಾಗಿಲಿನಿಂದ ಬಾವಲಿ ಹಿಕ್ಕೆಯ ನಾತ ಗಪ್ಪೆಂದು ಬಡಿಯಿತು. ಒಳಗೆ ಯಾರೋ ಅಳತೆಯ ಸರಪಳಿ ಎಳೆದ ಸದ್ದು. ಅವನ ಅಳತೆಪಟ್ಟಿ ಚೀಲದಲ್ಲೇ ಇತ್ತು. ಅಜ್ಜಿ ಪೊರಕೆ ಬಿಸಾಕಿ ಹೊರಟುಹೋದಳು.

ಸಂಜೆ ಆರು ವರ್ಷದ ಮಗಳು ಮನೆಯ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಓಡಿಬಂದು ಕುತ್ತಿಗೆಗೆ ಜೋತುಬೀಳುವುದು ಅವಳ ದಿನದ ರೂಢಿ. ಅವನ ದಿನವೆಲ್ಲ ಸವೆಯುತ್ತಿದ್ದದ್ದೇ ಆ ಒಂದು ಗಳಿಗೆಗಾಗಿ.

ಅವನು ನಡೆದ. ಇಪ್ಪತ್ತು ಮೀಟರ್ ಉಳಿದ ಮೇಲೆ ಮನೆ ಹತ್ತಿರವಾಗಲಿಲ್ಲ. ಬೇಗ ನಡೆದ. ಓಡಿದ. ಬೂಟು ಸವೆಯಿತು, ಬೀದಿ ಸವೆಯಲಿಲ್ಲ. ಮಗಳೂ ಎದ್ದು ಓಡಿಬಂದಳು. ಅವಳ ಕಾಲು ಓಡುತ್ತಿತ್ತು, ಅವಳು ಅಲ್ಲೇ ಇದ್ದಳು. ಸರಪಳಿ ಗಲಗಲ ಎಂದಿತು. ಕಿವಿಯ ಪಕ್ಕದಲ್ಲೇ.

"ಅಪ್ಪಾ, ಯಾಕೆ ಬರ್ತಿಲ್ಲ?"

"ಬರ್ತಿದ್ದೀನಿ ಪುಟ್ಟಿ. ಬರ್ತಾನೇ ಇದ್ದೀನಿ."

ಹದಿನೈದು ದಿನ ಅವನು ಕಚೇರಿಯಿಂದ ಕಚೇರಿಗೆ ಅಲೆದ. ನಾನು ಬರೆದದ್ದು ಸುಳ್ಳು, ವರದಿ ವಾಪಸ್ ಕೊಡಿ ಎಂದು ಅಂಗಲಾಚಿದ. "ಮೊಹರು ಬಿದ್ದಮೇಲೆ ಅದು ಸುಳ್ಳಾಗೋದು ಹೇಗೆ ಸಾರ್?" ಎಂದ ಗುಮಾಸ್ತ, ಕಡತದಿಂದ ಕಣ್ಣೆತ್ತದೆ. ಹದಿನಾರನೆಯ ದಿನ ಗಣಿಯಲ್ಲಿ ಮೊದಲ ಸಿಡಿತ. ಏದುಸಿರು ಬಿಡುತ್ತ ಅವನು ತಲುಪುವಷ್ಟರಲ್ಲಿ ಗೋಪುರ ಕಲ್ಲುರಾಶಿಯಾಗಿತ್ತು. ಅಜ್ಜಿ ದೂಳಿನಲ್ಲಿ ಕೂತಿದ್ದಳು.

"ಸರಿಯಾಗಿ ಅಳೆದು ಬರೀತೀನಿ ಅಜ್ಜಿ. ಈಗಲೇ."

"ಎಲ್ಲಿಂದ ಅಂತ ಅಳೀತೀರಿ ಸಾರ್?"

ಮಗಳಿಗೆ ಈಗ ಹತ್ತು ವರ್ಷ. ಮೊದಮೊದಲು ಎರಡೂ ಕೈ ಚಾಚಿ ಅಳುತ್ತಿದ್ದಳು. ಜ್ವರ ಬಂದಾಗ ಅಪ್ಪ ಕಾಣಲೆಂದು ಅವಳಮ್ಮ ಕಿಟಕಿ ತೆರೆದಿಡುತ್ತಿದ್ದಳು. ಈಗ ಸಂಜೆ ಅವನು ಬೀದಿಯಾಚೆ ಬಂದು ನಿಂತರೆ, ಗುರುತಿನವರಿಗೆ ಬೀಸುವ ಹಾಗೆ ಒಮ್ಮೆ ಕೈ ಬೀಸುತ್ತಾಳೆ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.