ಎಲೆ ಉದುರಿಸಿದ ಅಂಜೂರ

ಮೂರು ಭಾನುವಾರ ಸುಧಾಕರ್ ಆಂಡರ್ಸನ್‌ಪೇಟೆಯ ಆ ಮನೆಯ ಬಾಗಿಲಿಗೆ ಬಂದು ಮರಳಿದ್ದ. ಮೂರು ಸಲವೂ ಪ್ರೈಮರಿ ಶಾಲೆಯ ಟೀಚರ್ ತ್ರಿವೇಣಿ ಒಳಬಾಗಿಲ ಪರದೆಯ ಹಿಂದೆ ನಿಂತು, ತಾನು ಮನೆಯಲ್ಲಿಲ್ಲವೆಂದು ಸೋದರತ್ತೆ ಅಮ್ಮಾಜಮ್ಮನ ಬಾಯಲ್ಲಿ ಹೇಳಿಸಿದ್ದಳು.

ಕಾರಣ ಹಿತ್ತಿಲಲ್ಲಿತ್ತು. ಕ್ಯಾಸಂಬಳ್ಳಿಯ ಹಾಲಿನ ಡೈರಿಯಲ್ಲಿ ಕೆಲಸ ಮಾಡುವ ಸುಧಾಕರ್ ಹಿಂದೆ ನಾಲ್ಕು ವರ್ಷ ಹಿಮಾಚಲದ ಹಣ್ಣಿನ ತೋಟಗಳಲ್ಲಿ ದುಡಿದವನು. ಅಲ್ಲಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ, ಚಳಿ ತಾಳುವ ಅಂಜೂರದ ಕಡ್ಡಿಗಳಲ್ಲಿ ಬೇರು ಬಿಟ್ಟ ಒಂದನ್ನು ಯುಗಾದಿಯ ಮಾರನೆಯ ದಿನ ಅವಳ ಕೈಗಿತ್ತಿದ್ದ. ಮಳೆಗಾಲ ಕಳೆಯುವಷ್ಟರಲ್ಲಿ ಗಿಡ ಅವಳ ಹೆಗಲೆತ್ತರ ಬೆಳೆದಿತ್ತು. ಅದನ್ನು ನೋಡುವ ನೆಪದಲ್ಲಿ ಅವನು ವಾರವಾರವೂ ಬರುತ್ತಿದ್ದ. ಅವನು ಎಲೆಯನ್ನು ನೋಡುವುದಕ್ಕಿಂತ ಎಲೆಯ ಸಂದಿಯಿಂದ ತನ್ನನ್ನು ನೋಡುವುದೇ ಹೆಚ್ಚೆಂದು ಅವಳಿಗೆ ತಿಳಿದಿತ್ತು. ತಿಳಿದೂ ಅವಳು ನಿಂತ ಜಾಗ ಬದಲಿಸುತ್ತಿರಲಿಲ್ಲ.

ಮಾರ್ಗಶಿರದ ಕೊನೆಗೆ ಮಂಜು ಇಳಿದಾಗ ಎಲೆ ಹಳದಿಗಟ್ಟಿತು. ಬಾಯಾರಿಕೆಯೆಂದು ಬಗೆದು ದಿನವೂ ಕೊಡಗಟ್ಟಲೆ ನೀರು ಸುರಿದಳು. ಚಳಿಯೆಂದು ಗೋಣಿಚೀಲ ಹೊದಿಸಿದಳು. ಉಪಚಾರ ಹೆಚ್ಚಿದಷ್ಟೂ ಎಲೆ ಉದುರಿತು. ಸಂಕ್ರಾಂತಿಯ ಹೊತ್ತಿಗೆ ಉಳಿದದ್ದು ಬೂದುಬಣ್ಣದ ನಾಲ್ಕು ಕೋಲು. ಅವನು ಕೊಟ್ಟದ್ದನ್ನು ತಾನೇ ಕೊಂದು, ಅವನೆದುರು ಹೇಗೆ ನಿಲ್ಲುವುದು?

ನಾಲ್ಕನೆಯ ಭಾನುವಾರ ಅತ್ತೆ ಅಂಗಡಿಗೆ ಹೋಗಿದ್ದಳು. ಸುಳ್ಳು ಹೇಳಲು ಬೇರೆ ಯಾರೂ ಇರಲಿಲ್ಲ. ತ್ರಿವೇಣಿಯೇ ಬಾಗಿಲು ತೆರೆದಳು.

ಸುಧಾಕರ್ ಒಳಗೆ ಬರಲಿಲ್ಲ. ಮರುದಿನ ಅಕ್ಕ ತನ್ನನ್ನು ಮಾಲೂರಿಗೆ ಹೆಣ್ಣು ನೋಡಲು ಕರೆದೊಯ್ಯುತ್ತಿದ್ದಾಳೆಂದು ಮೆಟ್ಟಿಲ ಮೇಲೆ ನಿಂತೇ ತಿಳಿಸಿದ. ಬಾಗಿಲು ಮುಚ್ಚಿದ್ದರ ಅರ್ಥ ತನಗಾಗಿದೆ, ಇನ್ನು ಬಂದು ತೊಂದರೆ ಕೊಡುವುದಿಲ್ಲ ಎಂದ. ಅವನ ದನಿಯಲ್ಲಿ ದೂರು ಇರಲಿಲ್ಲ. ಅವಳಿಗೆ ಚುಚ್ಚಿದ್ದು ಅದೇ.

ಅವಳು ಅವನನ್ನು ಹಿತ್ತಿಲಿಗೆ ಕರೆದೊಯ್ದು ಗೋಣಿಚೀಲ ಸರಿಸಿದಳು.

"ಸಾಯಿಸ್ಬಿಟ್ಟೆ ಕಣ್ರೀ. ನಿಮಗೆ ಹೆಂಗೆ ಮುಖ ತೋರಿಸ್ಲಿ?"

ಅವನು ಬಗ್ಗಿ ಉಗುರಿನಿಂದ ತೊಗಟೆ ಕೆರೆದ. ಒಳಗೆ ಹಸಿರಿತ್ತು.

"ನಿದ್ದೆ ಮಾಡ್ತೈತೆ. ಚಳಿಗೆ ಎಲೆ ಉದುರಿಸಿ ಮಲಗೋದೇ ಇದರ ಗುಣ. ನಿಮಗೆ ಮೊದ್ಲೇ ಯೇಳೋಕೆ ಮರ್ತೆ, ತಪ್ಪು ನಂದೇ. ಮನೇಲಿಲ್ಲ ಅಂತ ಯೇಳ್ಸಿದ್ದು ಇದಕ್ಕಾ ಟೀಚರಮ್ಮ?"

"ಪರದೆ ಹಿಂದೇನೇ ಇದ್ದೆ."

"ಗೊತ್ತು. ಪಾದ ಕಾಣ್ತಿತ್ತು."

ನೀರು ನಿಲ್ಲಿಸಿ ಬುಡ ಒಣಗಲು ಬಿಡುವಂತೆ ಹೇಳಿ, ಸವರುವುದಕ್ಕೆ ಇದೇ ಕಾಲವೆಂದು ಕತ್ತಿ ಕೇಳಿ ಪಡೆದು ಒಂದು ಕೊಂಬೆ ಕಡಿದ. ಕಡಿದಲ್ಲಿ ಹಾಲು ಹನಿಯಿತು. ಅಷ್ಟರಲ್ಲಿ ಅಮ್ಮಾಜಮ್ಮ ಸೊಪ್ಪಿನ ಚೀಲ ಹಿಡಿದು ಬಂದಳು. ಆ ಸೀಮೆಯಲ್ಲಿ ಮದುವೆಯ ಚಪ್ಪರಕ್ಕೆ ಮೊದಲು ನೆಡುವುದು ಹಾಲು ಬರುವ ಮರದ ಕೊಂಬೆ. ಅತ್ತಿಯದಾದರೆ ಶ್ರೇಷ್ಠ, ಅಂಜೂರವೋ ಅತ್ತಿಯ ದಾಯಾದಿ.

"ಏನಪ್ಪಾ, ಹಾಲುಗಂಬಕ್ಕೆ ಕೊಂಬೆ ಕಡೀತಿದ್ದೀಯಾ? ಯಾರ ಮದ್ವೆಗೆ?"

ಸುಧಾಕರ್ ಕತ್ತಿಗಂಟಿದ ಹಾಲು ಒರೆಸತೊಡಗಿದ. ತ್ರಿವೇಣಿ ಅವನ ಕೈಯಿಂದ ಕೊಂಬೆ ತೆಗೆದುಕೊಂಡು, ಅಳೆಯುವವಳಂತೆ ತುದಿಯಿಂದ ಬುಡದವರೆಗೆ ನೋಡಿದಳು.

"ನಮ್ಮ ಮದ್ವೆಗೆ ಅತ್ತೆ. ಆದ್ರೆ ಇದು ಗಿಡ್ಡ ಆಯ್ತು, ದೊಡ್ಡದು ನೋಡ್ಬೇಕು."

ಅಮ್ಮಾಜಮ್ಮ ಇಬ್ಬರ ಮುಖವನ್ನೂ ಒಮ್ಮೆ ನೋಡಿ, ಮುದ್ದೆಗೆ ಎಸರಿಡಲು ಒಳಗೆ ಹೋದಳು. ಸುಧಾಕರ್ ಫೋನ್ ತೆಗೆದ. ಅಕ್ಕನ ನಂಬರು ಒತ್ತಿದ. ಅವನ ದನಿ ಎಂದಿನಂತೆಯೇ ಇತ್ತು.

"ಅಕ್ಕಾ, ಮಾಲೂರೋರಿಗೆ ಬರಲ್ಲ ಅಂತ ಯೇಳ್ಬಿಡು. ನಾನು ತ್ರಿವೇಣಿ ಮನೇಲಿ ಊಟಕ್ಕೆ ಉಳ್ಕೊಂಡಿದ್ದೀನಿ."