ಆರು ಕೈಯ ಮೊಸಳೆರಾಣಿ

ಹೊಸ ಭೂತಕ್ಕೆ ಮೂರು ಕಾಸಿನ ಬೆಲೆಯಿಲ್ಲ, ಹಳೇ ಭೂತಕ್ಕೆ ಎಂಟು ಸಾವಿರ ಸೆಡಿ. ಈ ಅನ್ಯಾಯವೇ ಒಪೊಂಗನ ಹೊಟ್ಟೆ ಉರಿಸಿದ್ದು.

ಅವನು ಕುಮಾಸಿಯಿಂದ ಆಕ್ರಾಕ್ಕೆ ಬಂದು ಆರು ವರ್ಷವಾಗಿತ್ತು. ಕ್ಷೌರದಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ಬುಕೋಮ್ ಕೇರಿಯಲ್ಲಿ ಬಟ್ಟೆಯ ಮೇಲೆ ಕೈಯಲ್ಲಿ ಬರೆದ ಹಳೆಯ ಭೂತದ ಸಿನಿಮಾ ಪಟಗಳನ್ನು ಮಾರುವ ಆಂಟಿ ಕೊರ್ಕೊಯ್‌ಗೆ ತಾನು ಬರೆದ ರೆಕ್ಕೆಯ ಹಾವನ್ನು ತೋರಿಸಿದಾಗ ಆಕೆ ಮೂಗು ಮುರಿದಿದ್ದಳು.

"ಚೆನ್ನಾಗೈತೆ ಕಣಪ್ಪಾ, ಆದ್ರೆ ಬಿಸಿ ಬ್ರೆಡ್ ಇದ್ದಂಗೈತೆ. ನನ್ ಗಿರಾಕಿಗಳಿಗೆ ಹಳಸಿದ್ದೇ ಬೇಕು. ವ್ಯಾನಲ್ಲಿ ಟೀವಿ ಹೇರ್ಕೊಂಡು ಊರೂರಲ್ಲಿ ವಿಡಿಯೊ ತೋರಿಸ್ತಿದ್ರಲ್ಲ, ಆ ಕಾಲದ್ದು."

"ಆ ಪೇಂಟರುಗಳು ಸಿನಿಮಾನೇ ನೋಡ್ದೆ ಬರೀತಿದ್ರು ಆಂಟಿ! ಇಲ್ದಿರೋ ಕೋರೆಹಲ್ಲು, ಇಲ್ದಿರೋ ಬಾಲ!"

"ಅದಕ್ಕೇ ಅವು ಚಂದ. ಹಂಗಂತ ಹೊಸದನ್ನ ಹಳೇದು ಅಂತ ತಂದೀಯ, ಜೋಕೆ. ನನ್ ತಮ್ಮ ಪೊಲೀಸು."

ಹಳಸಿದ್ದೇ ಬೇಕಾದರೆ ಹಳಸಿದ್ದನ್ನೇ ಬಡಿಸೋಣ ಎಂದುಕೊಂಡ ಒಪೊಂಗ್.

ಮುದುಕಿಯೊಬ್ಬಳ ಅಟ್ಟದಿಂದ ಆ ಕಾಲದ ಎರಡು ಹಿಟ್ಟಿನ ಚೀಲ ತಂದ. ಮಿಲ್ಲಿನ ಮುದ್ರೆ ಅರ್ಧ ಅಳಿಸಿತ್ತು, ಚಿನ್ನದಂಥ ಮಾಲು. ಹೊಲಿಗೆ ಬಿಚ್ಚಿ, ಹಿಂದಿನವರು ಮಾಡುತ್ತಿದ್ದ ಹಾಗೆ ಒಂದಕ್ಕೊಂದು ಜೋಡಿಸಿ ಹೊಲಿದ. ನಾಲ್ಕೇ ಬಣ್ಣ ಬಳಸಿದ. ಆಗ ಸಿಗುತ್ತಿದ್ದುದೇ ಅಷ್ಟು. ಆರು ಕೈಯ ಮೊಸಳೆರಾಣಿ, ಹೊಕ್ಕುಳಿಂದ ಸಿಡಿಲು, ಕಾಲಡಿ ಅರ್ಧ ನುಂಗಿದ ಪೊಲೀಸಪ್ಪ. ಅಂಥ ಸಿನಿಮಾ ಇರಲೇ ಇಲ್ಲ. ಇಲ್ಲದ ಸಿನಿಮಾದ ಬಗ್ಗೆ ತಪ್ಪು ಹುಡುಕುವವನು ಎಲ್ಲಿ ಹುಟ್ಟಿದ್ದಾನೆ?

ಕೆಲಸವೂ ಸೊಗಸಾಗಿ ಸಾಗಿತು. ಅದು ಆಕ್ರಾದ ಮೂಲನಿವಾಸಿಗಳಾದ ಗಾ ಜನರ ವರ್ಷದ ಹಬ್ಬಕ್ಕೆ ಮುಂಚಿನ ಮೌನದ ತಿಂಗಳು. ಊರಲ್ಲಿ ಯಾರೂ ಡೋಲು ಮುಟ್ಟುವಂತಿಲ್ಲ. ಮುಟ್ಟಿದರೆ ಹಿರಿಯರು ಬಂದು ಡೋಲನ್ನೇ ಹೊತ್ತುಕೊಂಡು ಹೋಗುತ್ತಾರೆ. ಪಕ್ಕದ ಚರ್ಚಿನವರೂ ಬೆರಳಲ್ಲೇ ತಾಳ ಹಾಕುತ್ತಿದ್ದರು. ಆ ನಿಶ್ಶಬ್ದದಲ್ಲಿ ಒಪೊಂಗನ ಒಂದು ಗೀಟೂ ಅಲುಗಲಿಲ್ಲ.

ಬಣ್ಣ ಒಣಗಿದ ಮೇಲೆ ಮೀನು ಒಣಗಿಸುವ ಒಲೆಯ ಹೊಗೆಯಲ್ಲಿ ಮೂರು ದಿನ ನೇತುಹಾಕಿದ. ಬಾಡಿಗೆ ವ್ಯಾನಿನ ನೆತ್ತಿಗೆ ಕಟ್ಟಿ ವಾರವಿಡೀ ದೂಳು ಕುಡಿಸಿದ. ತುಕ್ಕು ಹಿಡಿದ ಮೊಳೆಯಿಂದ ಮೂಲೆಗೆ ತೂತು ಹೊಡೆದ. ಕೊನೆಗೆ ಅಡಿಯಲ್ಲಿ, ಮಾಸಿದ ಬಿಳಿಯಲ್ಲಿ, ಪ್ರದರ್ಶನದ ವಿವರ ಬರೆದ: ಬುಕೋಮ್ ಮೈದಾನ, ಶನಿವಾರ, 1988 ಮೇ 21, ಇಡೀ ದಿನ ಡೋಲಿನ ಮೆರವಣಿಗೆ. ಆ ದಿನ ಶನಿವಾರವೇ ಹೌದೋ ಅಲ್ಲವೋ ಎಂದು ಹಳೇ ಪತ್ರಿಕೆ ತೆಗೆಸಿ ನೋಡಿದ. ಶನಿವಾರವೇ. ಕತ್ತೆಗಳು ಇಂಥದ್ದರಲ್ಲೇ ಸಿಕ್ಕಿಬೀಳುವುದು ಎಂದು ಮೀಸೆಯಲ್ಲೇ ನಕ್ಕ.

ಆಂಟಿ ಕೊರ್ಕೊಯ್ ಪಟವನ್ನು ಮೂಸಿದಳು, ಉಗುರಿನಲ್ಲಿ ಕೆರೆದಳು, ಹಿಂದಿನ ಮುದ್ರೆ ನೋಡಿದಳು. "ಅಬ್ಬಾ, ನನ್ ಹುಡುಗಾಟದ ದಿನಗಳ ವಾಸನೆ!" ಎಂದು ಎಂಟು ಸಾವಿರವನ್ನು ಮೇಜಿನ ಮೇಲಿಟ್ಟಳು. ಒಪೊಂಗ್ ಕೈ ಚಾಚುವಷ್ಟರಲ್ಲಿ ಆಕೆಯ ಬೆರಳು ಅಡಿಯ ಸಾಲಿಗೆ ಬಂದು ನಿಂತಿತು. "ಆ ಕಿಟಕಿ ತೆಗಿಯೋ. ಏನ್ ಕೇಳಿಸ್ತೈತೆ?" ಅವನು ತೆಗೆದ. "ಏನೂ ಇಲ್ಲ ಆಂಟಿ." "ಮೇ ತಿಂಗಳಲ್ಲಿ ಬುಕೋಮ್‌ನಾಗೆ ಏನೂ ಕೇಳ್ಸಲ್ಲ ಕಣೋ, ನಮ್ಮಜ್ಜಿ ಕಾಲದಲ್ಲೂ ಕೇಳ್ಸ್ತಿರ್ಲಿಲ್ಲ. ಡೋಲಿನ ಮೆರವಣಿಗೆಯಂತೆ, ಅದೂ ಇಡೀ ದಿನ!" ಆಕೆ ತಮ್ಮನಿಗೆ ಫೋನ್ ಹಚ್ಚಿದಳು. ಎಂಥ ಮೌನವಿತ್ತೆಂದರೆ, ಅತ್ತ ಕಡೆ ಫೋನು ರಿಂಗಾಗುವುದು ಒಪೊಂಗನಿಗೂ ಕೇಳಿಸುತ್ತಿತ್ತು.