ಬೆರಳಷ್ಟು ಬಿಟ್ಟ ಅಂಚು

"ಅಂಚು ಪೂರ್ತಿ ಕೂಡಿಸಬೇಡಪ್ಪ. ಬೆರಳಷ್ಟು ಜಾಗ ಬಿಡು," ಎಂದಳು ಅಜ್ಜಿ, ಹೆಣೆಯುತ್ತಿದ್ದ ಬುಟ್ಟಿಯಿಂದ ತಲೆ ಎತ್ತದೆ. ಈ ಮಾತನ್ನು ಎಷ್ಟು ಜನರಿಗೆ ಹೇಳಿ ಸಾಕಾಗಿತ್ತೋ ಅವಳಿಗೆ.

"ಯಾಕಜ್ಜಿ, ದೆವ್ವಕ್ಕೆ ಕಿಟಕಿ ಬೇಕಾ?" ಬುಟ್ಟಿ ಕೊಳ್ಳಲು ನಗರದ ಅಂಗಡಿಯಿಂದ ಬಂದ ಹೊಸ ಏಜೆಂಟ್ ನಕ್ಕ.

"ಗಣಿ ಕುಸಿದಾಗ ನಮ್ಮೋರನ್ನ ಒಳಗೇ ಬಿಟ್ಟು ಗಣಿಯೋರು ಬಾಗಿಲು ಮುಚ್ಚಿಬಿಟ್ರು. ನಮ್ಮತ್ತೆ ಈ ಜೊಂಡು ಬೆಳೆಯೋ ಹೊಂಡದ ದಡದಲ್ಲೇ ಕೂತು ಮಾಟ ಮಾಡಿದ್ಲು. ಇಲ್ಲಿನ ಜೊಂಡಲ್ಲಿ ಏನೇ ಹೆಣೆದು ಅಂಚು ಕೂಡಿಸಿದ್ರೆ ಅದರೊಳಗಿದ್ದೋರ ಉಸಿರು ನಿಲ್ಲಲಿ ಅಂತ."

ಗಣಿ ಹೋದ ಮೇಲೆ ಆ ಗುಡ್ಡದ ಮೂಲ ಜನಕ್ಕೆ ಉಳಿದಿದ್ದು ಜೊಂಡು ಒಂದೇ. ಹೊಲಗಳೆಲ್ಲ ಕಲ್ಲುಪುಡಿಯ ಕೆಳಗೆ ಹೂತುಹೋಗಿದ್ದವು. ಬುಟ್ಟಿ ಹೆಣೆದರೆ ಒಲೆ ಉರಿಯುತ್ತಿತ್ತು. ಆದರೆ ಅರೆಬರೆ ಅಂಚಿನ ಬುಟ್ಟಿಯನ್ನು ಯಾರು ಕೊಳ್ಳುತ್ತಾರೆ? ಏಜೆಂಟ್ ತಾನೇ ಕೂತು ಎಲ್ಲದರ ಅಂಚನ್ನೂ ಕೂಡಿಸಿದ. ಮೊದಲು ಕೂಡಿಸಿದ್ದು ಜೊಂಡಿನ ತೊಟ್ಟಿಲನ್ನು, ನಗರದ ತನ್ನ ಮನೆಯಲ್ಲಿದ್ದ ಹಸುಗೂಸು ಮಗಳಿಗೆಂದು. ಅದನ್ನು ಅಂದೇ ಲಾರಿಯಲ್ಲಿ ಕಳಿಸಿದ್ದ.

ಮಾರನೆಯ ಮಧ್ಯಾಹ್ನ ಸರಕು ನೋಡಲು ಉಗ್ರಾಣಕ್ಕೆ ಹೋದ. ಗಣಿಯವರು ಸಿಡಿಮದ್ದು ಇಡುತ್ತಿದ್ದ, ಕಿಟಕಿಯಿಲ್ಲದ ಕೋಣೆ ಅದು. ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಕಗ್ಗತ್ತಲು. ಒದ್ದೆ ಮಣ್ಣಿನ, ಸುಟ್ಟ ಗಂಧಕದ ವಾಸನೆ. ಬುಟ್ಟಿಗಳೊಳಗಿಂದ ಸದ್ದು ಬಂತು, ದಣಿದವರು ಹೊರೆ ಇಳಿಸಿ ಉಸಿರೆಳೆದುಕೊಳ್ಳುವ ಹಾಗೆ. ಎಳೆದುಕೊಂಡರು. ಬಿಡಲೇ ಇಲ್ಲ.

ಕೋಣೆಯ ಗಾಳಿಯೆಲ್ಲಾ ಬುಟ್ಟಿಗಳೊಳಗೆ ಹೋದ ಹಾಗೆ ಅವನ ಉಸಿರು ಕಟ್ಟಿತು. ಬಾಗಿಲು ತಳ್ಳಿದ. ಅಲುಗಲಿಲ್ಲ. ಕೈಗೆ ಸಿಕ್ಕ ಬುಟ್ಟಿಯ ಅಂಚು ಕಿತ್ತ. ಕೆನ್ನೆಗೆ ಬಿಸಿಯುಸಿರು ಬಡಿಯಿತು. ಇನ್ನೊಂದು ಕಿತ್ತ. ಮತ್ತೊಂದು. ಉಗುರು ಕಿತ್ತು ಬಂತು. ರಕ್ತ ಜಾರಿತು. ನಿಲ್ಲಿಸಲಿಲ್ಲ. ಕೊನೆಯದನ್ನೂ ಬಿಚ್ಚಿದ. ಬಾಗಿಲು ತೆರೆಯಿತು.

ಹೊಸ್ತಿಲಾಚೆ ಅಜ್ಜಿ ನಿಂತಿದ್ದಳು. ನಾನು ಹೇಳಿರಲಿಲ್ವಾ ಅನ್ನುವ ಮುಖವಲ್ಲ ಅದು. ಪಾಪ, ಸುಸ್ತಾದ ಮುಖ, ಅಷ್ಟೆ.

"ಕೂಡಿಸಿದ್ದೆಲ್ಲಾ ಬಿಚ್ಚಿದ್ಯಾ ಮಗಾ?"

"ಎಲ್ಲಾ..." ಎಂದವನು ಜೇಬಿಗೆ ಕೈ ಹಾಕಿದ. ರಕ್ತದ ಬೆರಳಲ್ಲೇ ಮನೆಗೆ ಫೋನ್ ಮಾಡಿದ.

"ತೊಟ್ಟಿಲು ಬಂತಾ? ಮಗೂನ ಅದರಲ್ಲಿ ಮಲಗಿಸಬೇಡ!"

"ಶ್, ಮೆಲ್ಲಗೆ ರೀ," ಎಂದಳು ಹೆಂಡತಿ, ಆಗಷ್ಟೇ ನಿದ್ದೆಯಿಂದ ಎದ್ದ ದನಿಯಲ್ಲಿ. "ಬೆಳಗ್ಗೆನೇ ಬಂತು. ರಾತ್ರಿಯೆಲ್ಲಾ ಅತ್ತವಳು ಅದರಲ್ಲಿ ಮಲಗಿಸಿದ್ದೇ ತಡ ಸುಮ್ಮನಾದ್ಲು. ನಾನೂ ಹಾಗೇ ಕಣ್ಣು ಮುಚ್ಚಿದೆ. ಇಷ್ಟು ಹೊತ್ತಾದ್ರೂ ಒಂದು ಸದ್ದಿಲ್ಲ ನೋಡಿ."